ಅತ್ತೆಯ ಬಾಯಿಗೆ ಬಾರದ ಪಾಸ್‌ವರ್ಡ್

ಪೆರ್ಲದ ನಮ್ಮ ಮನೆಯಲ್ಲಿ ಬೆಳಗ್ಗಿನ ದೋಸೆಗೆ ಚಟ್ನಿ ಇಲ್ಲದಿದ್ದರೂ ನಡೆಯುತ್ತದೆ, ಮಗಳ ವಾರ್ತೆ ಇಲ್ಲದೆ ನಡೆಯುವುದಿಲ್ಲ. ಪೂಜಾಶ್ರೀ ಕಾಲೇಜಿನಲ್ಲಿ ಸೈಬರ್ ಸುರಕ್ಷತೆ ಕಲಿಯುತ್ತಿದ್ದಾಳೆ. ಜಗತ್ತಿನ ಯಾವ ಮೂಲೆಯ ಸಾಫ್ಟ್‌ವೇರಿನಲ್ಲಿ ದೋಷ ಸಿಕ್ಕಿದರೂ ಸುದ್ದಿ ಮೊದಲು ಅವಳ ಫೋನಿಗೆ ಬರುತ್ತದೆ, ಅಲ್ಲಿಂದ ನಮ್ಮ ಬಟ್ಟಲಿಗೆ ಬೀಳುತ್ತದೆ.

"ಇವತ್ತು ಎಲ್ಲಿ ತೂತು?" ಎಂದು ಮಾವ ಕೇಳುತ್ತಾರೆ, ಮಳೆ ಉಂಟಾ ಎಂದು ಕೇಳಿದ ಹಾಗೆ.

"ಒಂದು ಬ್ರೌಸರಿನಲ್ಲಿ ಉಂಟು ಅಜ್ಜ."

"ಬಚ್ಚಲಿನ ಪೈಪಿನಲ್ಲಿಯೂ ಉಂಟು. ಅದು ಯಾರ ವಾರ್ತೆಯಲ್ಲಿಯೂ ಬರುವುದಿಲ್ಲ," ಎನ್ನುತ್ತಾರೆ ಅತ್ತೆ.

ಹೋದ ತಿಂಗಳು ಹೊಸ ತರದ ಸುದ್ದಿ ಬಂತು. ಕಳ್ಳರು ಯಂತ್ರದಲ್ಲಿ ನಮ್ಮವರದ್ದೇ ಸ್ವರ ತಯಾರಿಸಿ, 'ಸಿಕ್ಕಿಬಿದ್ದಿದ್ದೇನೆ, ಬನ್ನಿ' ಎಂದು ಫೋನ್ ಮಾಡುತ್ತಾರಂತೆ. ಅದಕ್ಕೆ ಮನೆಗೊಂದು ಗುಟ್ಟಿನ ಶಬ್ದ ಬೇಕಂತೆ.

"ನನ್ನ ಹೆಸರು ಇಡು," ಎಂದರು ಮಾವ.

"ಹೆಸರನ್ನು ಪಾಸ್‌ವರ್ಡ್ ಮಾಡಬಾರದು ಅಜ್ಜ."

"ಈ ಮನೆಯಲ್ಲಿ ಅದನ್ನು ಯಾರು ಹೇಳುತ್ತಾರೆ? ಅದಕ್ಕಿಂತ ದೊಡ್ಡ ಗುಟ್ಟು ಬೇಕಾ?"

ಮಾವನ ಹೆಸರು ಕೇಶವಪ್ರಸಾದ. ಅತ್ತೆ ಗಂಡನ ಹೆಸರು ಹೇಳುವವರಲ್ಲ. ಭಜನೆಯಲ್ಲಿ ಕೇಶವ ಬಂದರೆ ಆ ಜಾಗದಲ್ಲಿ ಕೆಮ್ಮುತ್ತಾರೆ. ಪ್ರಸಾದಕ್ಕೆ 'ದೇವರದ್ದು' ಎನ್ನುತ್ತಾರೆ. ಮಾವನ ಓರೆ ನಗು ನೋಡಿದಾಗಲೇ ನನಗೆ ಗೊತ್ತಾಯಿತು: ಮದುವೆಯಾದಂದಿನಿಂದ ಕೇಳದ್ದನ್ನು ಒಂದು ಸಲ ಫೋನಿನಲ್ಲಾದರೂ ಕೇಳಬೇಕೆಂಬ ಆಸೆ.

ಮಗಳು ಒಪ್ಪಿದಳು. ಆದರೆ ಪಾಸ್‌ವರ್ಡ್ ಗಟ್ಟಿಯಾಗಲು ಕೊನೆಗೊಂದು ಆಶ್ಚರ್ಯ ಚಿಹ್ನೆ ಬೇಕೇ ಬೇಕು ಎಂದಳು.

"ಆಶ್ಚರ್ಯ ಚಿಹ್ನೆಯನ್ನು ಬಾಯಲ್ಲಿ ಹೇಳುವುದು ಹೇಗೆ ಮಾರಾಯ್ತಿ?" ಎಂದೆ.

"ಆಶ್ಚರ್ಯದಿಂದ ಹೇಳುವುದು ಅಮ್ಮ."

ಅತ್ತೆ ತೊಂಡೆಕಾಯಿ ಹೆಚ್ಚುತ್ತಾ ಇದ್ದರು. ಒಮ್ಮೆ ಕೆಮ್ಮಿದರು.

ಮೊನ್ನೆ ಅವರು ಕುಂಬ್ಡಾಜೆಯ ತಮ್ಮನ ಮನೆಗೆ ಗಣಹೋಮಕ್ಕೆ ಹೋದರು. ಹೊರಟು ಬರುವಾಗ ಮೊಮ್ಮಗಳ ಸಂದೇಶ: 'ದೊಡ್ಡ ತೂತು! ಎಲ್ಲರೂ ಈಗಲೇ ಫೋನ್ ಅಪ್‌ಡೇಟ್ ಮಾಡಿ.' ಅತ್ತೆ ಹೇಳಿದ ಮಾತು ಕೇಳುವವರು. ಬಸ್ಸು ಕಾಯುತ್ತಲೇ ಒತ್ತಿದರು. ಫೋನ್ ಕಪ್ಪಾಗಿ, ನಡುವೆ ಒಂದು ಚಕ್ರ ತಿರುಗತೊಡಗಿತು. ಚಕ್ರವನ್ನೇ ನೋಡುತ್ತಾ ಬೇರೆ ದಾರಿಯ ಯಾವುದೋ ಬಸ್ಸು ಹತ್ತಿ ಬೋವಿಕಾನದಲ್ಲಿ ಇಳಿದರು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ನಮಗೆ ಬಂದದ್ದು ಗುರುತಿಲ್ಲದ ನಂಬರಿನ ಕರೆ. ನನ್ನ ಕೈಯೆಲ್ಲ ಅಕ್ಕಿಹಿಟ್ಟು. ಮಗಳು ಫೋನನ್ನು ಸ್ಪೀಕರಿಗೆ ಹಾಕಿದಳು.

"ಬೋವಿಕಾನದಲ್ಲಿ ಸಿಕ್ಕಿಬಿದ್ದಿದ್ದೇನೆ. ಯಾರಾದರೂ ಬನ್ನಿ."

"ಅಯ್ಯೋ, ಅತ್ತೆಯ ಸ್ವರ!"

"ಅದೇ ತೊಂದರೆ ಅಮ್ಮ. ಸರೀ ಅಜ್ಜಿಯದ್ದೇ ಸ್ವರ." ಮಗಳು ಫೋನಿಗೆ ಬಗ್ಗಿದಳು. "ಗುಟ್ಟಿನ ಶಬ್ದ ಎಂತ?"

ಆ ಕಡೆ ಕೆಮ್ಮು. ಮಗಳು ಕರೆ ಕತ್ತರಿಸಿ ನಂಬರನ್ನು ಬ್ಲಾಕ್ ಮಾಡಿದಳು.

ಆಮೇಲೆ ಬೇಕರಿಯಿಂದ ಕರೆ ಬಂತು, ಬ್ಲಾಕ್. ಔಷಧದ ಅಂಗಡಿ, ಬ್ಲಾಕ್. ಟೈಲರ್, ಕೋಳಿ ಅಂಗಡಿ, ಚಪ್ಪಲಿ ಹೊಲಿಯುವವರು. ಬೋವಿಕಾನದ ಅರ್ಧ ಪೇಟೆ ನಮ್ಮ ಫೋನಿನಲ್ಲಿ ಬಾಗಿಲು ಹಾಕಿತು.

"ಎಷ್ಟು ದೊಡ್ಡ ಗ್ಯಾಂಗ್!" ಎಂದು ಮಗಳಿಗೆ ಒಳಗೊಳಗೇ ಖುಷಿ.

ನಾನು ಕುಂಬ್ಡಾಜೆಗೆ ಫೋನ್ ಮಾಡಿದೆ. ಅತ್ತೆ ಹೊರಟು ಎಷ್ಟೋ ಹೊತ್ತಾಯಿತೆಂದರು. ಅವರ ಮಂಡಿನೋವು, ಮನೆಯಲ್ಲೇ ಉಳಿದ ಬಿ.ಪಿ. ಮಾತ್ರೆ, ಹೊರಗೆ ಇಳಿಯುತ್ತಿದ್ದ ಬಿಸಿಲು ಎಲ್ಲ ಒಟ್ಟಿಗೇ ನೆನಪಾಯಿತು. ಕೈ ತೊಳೆದು ಕಾರಿನ ಕೀ ತೆಗೆದರೆ ಮಗಳು ಬಾಗಿಲಿಗೆ ಅಡ್ಡ ನಿಂತಳು.

"ಮನೆಯಿಂದ ಹೊರಗೆ ಕರೆಸುವುದೇ ಅವರ ಉಪಾಯ ಅಮ್ಮ. ಇವತ್ತಿನ ವಾರ್ತೆಯಲ್ಲಿಯೂ ಉಂಟು."

ಆಗ ಮತ್ತೊಂದು ನಂಬರು. "ನಾನು ಲತೇಶ್, ಆಟೋದವ. ನಿಮ್ಮ ಅಜ್ಜಿಗೆ ಎಂತದೋ ಒಂದು ಶಬ್ದ ಹೇಳ್ಲಿಕ್ಕೆ ಆಗುವುದಿಲ್ಲವಂತೆ. ಇಲ್ಲಿ ನಾವೆಲ್ಲ ಸೇರಿ ಊಹೆ ಮಾಡ್ತಾ ಇದ್ದೇವೆ. ಹಲಸಿನ ಹಪ್ಪಳವಾ?"

"ಸೌತೆಕಾಯಿ ಕೇಳು ಮಾರಾಯ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಮಗಳ ಬೆರಳು ಬ್ಲಾಕಿಗೆ ಹೋಗುವ ಮೊದಲೇ ಮಾವ ಫೋನ್ ಕಿತ್ತುಕೊಂಡರು. "ಅವಳಿಗೆ ಕೊಡಿ," ಎಂದರು. ಮತ್ತೆ ಸ್ವರ ಮೆತ್ತಗೆ ಮಾಡಿ, "ಹೇಳು. ಒಂದೇ ಸಲ."

ಆ ಕಡೆಯ ಇಡೀ ಪೇಟೆ ಫೋನಿಗೆ ಕಿವಿ ಕೊಟ್ಟಿತು.

"ಹೋಮದ ದೇವರದ್ದು ಕೈಯಲ್ಲೇ ಉಂಟು," ಎಂದರು ಅತ್ತೆ. "ಇರುವೆ ಬರುತ್ತದೆ."

"ಎಂತ ಉಂಟು?"

"ದೇವರದ್ದು."

"ಅದಕ್ಕೆ ಲೋಕದವರು ಎಂತ ಹೇಳುವುದು?"

ಕೆಮ್ಮು. ಮತ್ತೂ ಕೆಮ್ಮು. "ನಿಮಗೆ ಗೊತ್ತಿಲ್ಲದಿದ್ದರೆ ಬೇಡ. ನಾನು ಈ ಬೇಕರಿಯಲ್ಲೇ ಇರುತ್ತೇನೆ."

ಮಾವನ ಮುಖ ಸಣ್ಣದಾಯಿತು. ಫೋನನ್ನು ಮೊಮ್ಮಗಳ ಕೈಗೆ ಕೊಟ್ಟರು.

"ಇದು ಅವಳೇ. ಯಂತ್ರವಾದರೆ ಯಾವಾಗಲೋ ಹೇಳಿಬಿಡುತ್ತಿತ್ತು."

ಪೂಜಾಶ್ರೀ ಓದಿದ ಯಾವ ವಾರ್ತೆಯಲ್ಲಿಯೂ ಇದು ಇರಲಿಲ್ಲ. ಬಾಗಿಲಿನಿಂದ ಸರಿದು, "ಮಾತ್ರೆ ತೆಗೆದುಕೊಂಡು ಹೋಗು ಅಮ್ಮ," ಎಂದಳು.

ನಾನು ತಲುಪುವಾಗ ಅತ್ತೆ ಬೇಕರಿಯ ಸ್ಟೂಲಿನಲ್ಲಿ ಬಾಳೆಎಲೆಯ ಕಟ್ಟು ಹಿಡಿದು ಕುಳಿತಿದ್ದರು. ಸುತ್ತ ನಿಂತವರು ಇನ್ನೂ ತರಕಾರಿಗಳ ಹೆಸರು ಹೇಳುತ್ತಲೇ ಇದ್ದರು. ಕಾರು ಪೇಟೆ ದಾಟಿದ ಮೇಲೆ ಅತ್ತೆ ಗಾಜು ಏರಿಸಿದರು, ಹಿಂದಿನ ಸೀಟಿನಲ್ಲಿ ಯಾರೂ ಇಲ್ಲವಲ್ಲ ಎಂದು ತಿರುಗಿ ನೋಡಿದರು, ಆಮೇಲೆ ಹುಬ್ಬೇರಿಸಿ ಮೆಲ್ಲಗೆ ಹೇಳಿದರು:

"ಕೇಶವಪ್ರಸಾದ!"

ಕಾರು ಗುಂಡಿಗೆ ಇಳಿಯಿತು.

"ಆಶ್ಚರ್ಯ ಸಾಕಾಯಿತಾ?"

"ಬೇಕಾದಷ್ಟಾಯಿತು ಅತ್ತೆ."

ಮರುದಿನ ಬೆಳಗ್ಗೆ ಮಗಳು ನಿಯಮ ಬದಲಿಸಿದಳು: ಗುಟ್ಟಿನ ಶಬ್ದ ಹೇಳಿದರೆ ಕಳ್ಳರು, ಕೆಮ್ಮಿದರೆ ಅಜ್ಜಿ. ಅತ್ತೆ ತಲೆಯಾಡಿಸಿ ದನದ ಹಟ್ಟಿಗೆ ಹೋದರು. ಮಾವ ಒಲೆಯ ಹತ್ತಿರ ಬಂದು ನಿಂತರು.

"ನಿನ್ನೆ ದಾರಿಯಲ್ಲಿ ಅವಳು ಎಂತಾದರೂ ಹೇಳಿದಳಾ?"

ನಾನು ದೋಸೆ ಮಗುಚಿದೆ. "ಪಾಸ್‌ವರ್ಡ್ ಯಾರಿಗೂ ಹೇಳಬಾರದಂತೆ ಮಾವ. ವಾರ್ತೆಯಲ್ಲಿ ಉಂಟು."

ಮಾವ ನನ್ನ ಮುಖ ನೋಡಿದರು; ಮತ್ತೆ ಅದೇ ಓರೆ ನಗು. ಆಮೇಲೆ ಬಟ್ಟಲು ಮುಂದೆ ಮಾಡಿ, ಯಾವತ್ತೂ ಕೇಳದವರು, ಇನ್ನೊಂದು ದೋಸೆ ಹಾಕು ಎಂದರು.