ಹೆನ್ರಿಯ ಪರವಾಗಿ ವಿನೋದಿನಿ

ಶಶಿಕಾಂತ ಮತ್ತು ರೋಶನ್ ಸೋಫಾದ ಎರಡು ತುದಿಗೆ ಕೂತು, ಗೋಡೆಯ ಮೇಲಿನ ಧನರಾಜನ ಫೋಟೊ ಒಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡುತ್ತಿದ್ದರು. ಫ್ಯಾನು ನೋಡಿದರು, ಕಿಟಕಿಯಾಚೆ ಸಯನ್ ಸ್ಟೇಷನ್ನಿನ ಕಡೆ ಹೋಗುವ ಬಸ್ಸು ನೋಡಿದರು, ತಾವೇ ತಂದ ಬಾಳೆಹಣ್ಣನ್ನು ಮತ್ತೆ ಮತ್ತೆ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ವಿನೋದಿನಿಗೆ ಇಬ್ಬರನ್ನೂ ಹಿಡಿದು ಅಲುಗಾಡಿಸಬೇಕು ಅನ್ನಿಸಿತು.

“ಬಿ.ಪಿ. ಗುಳಿಗಿ ಬರೋಬ್ಬರಿ ತಗೋತೀರಿಲ್ಲೊ ವೈನಿ?” ಶಶಿಕಾಂತ ಕೇಳಿದ.

“ತಗೊಳ್ತಾ ಇದ್ದೇನೆ.”

“ಅದು ಮುಖ್ಯ ಅಕ್ಕಾ,” ಎಂದ ರೋಶನ್.

ಅಲ್ಲಿಗೆ ಮಾತು ಮುಗಿಯಿತು. ಇದೇ ಕೋಣೆಯಲ್ಲಿ ಇಪ್ಪತ್ತು ವರ್ಷ, ಭಾನುವಾರ ಬಂತೆಂದರೆ ಸಾಕು, ಇವರಿಬ್ಬರೂ ಅವಳ ಗಂಡ ಧನರಾಜನ ಜತೆ ಸೇರಿ ಇಂಗ್ಲೆಂಡಿನ ಫುಟ್ಬಾಲ್ ಲೀಗಿನಲ್ಲಿ ಗೋಲು ಹೊಡೆಯುವುದರಲ್ಲಿ ಎಲ್ಲರಿಗಿಂತ ದೊಡ್ಡ ಸ್ಟ್ರೈಕರ್ ಯಾರು ಎಂದು ಕಚ್ಚಾಡಿದ್ದರು. ಮೂವರಲ್ಲಿ ಒಬ್ಬನೂ ಇಂಗ್ಲೆಂಡ್ ಕಂಡವನಲ್ಲ. ಧನರಾಜ್ ಮುಂಬಯಿಯ ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಹತ್ತಿರದ ಪ್ರೆಸ್ಸಿನಲ್ಲಿ ಮಶಿನ್ ನಡೆಸುತ್ತಿದ್ದ ಮಂಗಳೂರಿನ ರೋಶನ್, ವಿಮಾ ಕಚೇರಿಯ ಗುಮಾಸ್ತ ಧಾರವಾಡದ ಶಶಿಕಾಂತ, ಇಬ್ಬರೂ ಅಲ್ಲಿ ಊಟ ಮಾಡುತ್ತ ಮಾಡುತ್ತ ಗೆಳೆಯರಾದವರು. ಶಶಿಕಾಂತನಿಗೆ ಅಲನ್ ಶಿಯರರ್ ದೇವರು, ರೋಶನ್‌ಗೆ ವೇಯ್ನ್ ರೂನಿ, ಧನರಾಜನಿಗೆ ಥಿಯರಿ ಹೆನ್ರಿ. ಜಗಳ ಹತ್ತಿತೆಂದರೆ ಸ್ಟೀಲ್ ಲೋಟಗಳೆಲ್ಲ ಡಿಫೆಂಡರ್‌ಗಳಾಗುತ್ತಿದ್ದವು, ಸೋಫಾದ ದಿಂಬು ಚೆಂಡಾಗುತ್ತಿತ್ತು. ಒಮ್ಮೆ ಧನರಾಜ್ ಹೆನ್ರಿಯ ಹಾಗೆ ತಿರುಗಿ ಒದ್ದು ತೋರಿಸಲು ಹೋಗಿ ಕ್ಯಾಲೆಂಡರನ್ನು ಮೊಳೆ ಸಮೇತ ಕೆಡವಿದ್ದ.

ಒಳಗೆ ಗೋಳಿಬಜೆ ಕರಿಯುತ್ತಿದ್ದ ವಿನೋದಿನಿಗೆ ಆಗ ಗಡಿಯಾರ ಬೇಕಿರಲಿಲ್ಲ. ಶಶಿಕಾಂತ ಟೀಪಾಯಿ ಗುದ್ದಿದ ಎಂದರೆ ಎರಡನೆಯ ಸುತ್ತು ಎಣ್ಣೆಗೆ ಬಿಡಬೇಕು. ರೋಶನ್ ಸಿಟ್ಟಿನಲ್ಲಿ ಕೊಂಕಣಿಗೆ ಇಳಿದ ಎಂದರೆ ಚಹಾ ಇಡಬೇಕು. ಮೂರು ಮುದಿ ಕೋಣಗಳು ಎಂದು ಬೈಯುತ್ತಿದ್ದಳು. ಒಂದು ಭಾನುವಾರವಾದರೂ ಇವರ ಬಾಯಿ ಮುಚ್ಚಿಸು ದೇವರೇ ಎನ್ನುತ್ತಿದ್ದಳು. ಆ ದೇವರೋ, ಬೇಕಾದದ್ದು ಕೇಳಿದರೆ ಕಿವುಡ. ಇಂಥ ಮಾತು ಮಾತ್ರ ಅವನಿಗೆ ಚೆನ್ನಾಗಿ ಕೇಳಿಸುತ್ತದೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಧನರಾಜ್ ಹೋದ. ಅಂದಿನಿಂದ ಇವರಿಬ್ಬರೂ ತಿಂಗಳಿಗೊಮ್ಮೆ ಬರುತ್ತಾರೆ, ಮುಖ ಇಳಿಬಿಟ್ಟು ಕೂರುತ್ತಾರೆ, ಗುಳಿಗೆ ವಿಚಾರಿಸಿ ಎದ್ದುಹೋಗುತ್ತಾರೆ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ದನಿ ಎತ್ತಬಾರದು, ನಗಬಾರದು ಎಂದು ಇಬ್ಬರಿಗೂ ಅವರವರ ಮನೆಯ ಹಿರಿಯರು ಹೇಳಿಕೊಟ್ಟಿದ್ದರು. ಅದನ್ನು ಚಾಚೂ ತಪ್ಪದೆ ನಡೆಸುತ್ತಿದ್ದರು, ಪುಣ್ಯಾತ್ಮರು.

“ಇನ್ನ ನಾವು ವರ್ಷಾಂತಿಕಕ್ಕ ಬರ್ತೀವ್ರಿ ವೈನಿ,” ಎಂದ ಶಶಿಕಾಂತ. “ಪದೇ ಪದೇ ಬಂದು ನಿಮಗ ತ್ರಾಸ ಕೊಡೂದು ಬ್ಯಾಡ ಅಂತ ಇಬ್ರೂ ಮಾತಾಡಿಕೊಂಡೇವಿ.”

ವರ್ಷಾಂತಿಕಕ್ಕೆ ಇನ್ನೂ ಏಳು ತಿಂಗಳು. ಊರಿನಲ್ಲಾದರೆ ನಡೆಯದ ದಾರಿಗೆ ಹುಲ್ಲು ಬೆಳೆಯುತ್ತದೆ, ಕಿತ್ತರೆ ದಾರಿ ಸಿಗುತ್ತದೆ. ಮುಂಬಯಿಯಲ್ಲಿ ಬಿಲ್ಡಿಂಗೇ ಬೆಳೆದುಬಿಡುತ್ತದೆ. ಇವತ್ತು ಇವರು ಜಗಳವಾಡದೆ ಹೋದರೆ ಈ ಮನೆಗೆ ಇನ್ನು ಭಾನುವಾರ ಅನ್ನುವುದೇ ಇಲ್ಲ ಎಂದು ವಿನೋದಿನಿಗೆ ಖಚಿತವಾಯಿತು.

“ಅಲ್ಲ ಶಶಿಯಣ್ಣ, ನನಗೊಂದು ಡೌಟು,” ಎಂದಳು. “ಈಗ ಮ್ಯಾಂಚೆಸ್ಟರ್ ಸಿಟಿಯಲ್ಲಿ ಚಿನ್ನದ ಕೂದಲಿನ ಒಬ್ಬ ಹುಡುಗ ಇದ್ದಾನಲ್ಲ, ಹಾಲಂಡ್. ಅವನೇ ಎಲ್ಲರಿಗಿಂತ ದೊಡ್ಡ ಸ್ಟ್ರೈಕರ್ ಅಂತೆ, ಹೌದಾ? ನಿಮ್ಮ ಶಿಯರರ್ ಎಲ್ಲ ಅವನ ಎದುರು ಎಂತದೂ ಅಲ್ಲ ಅಂತೆ?”

ರೋಶನ್‌ನ ಚಹಾದ ಲೋಟ ಬಾಯಿಗೆ ಹೋಗದೆ ನಡುವೆಯೇ ನಿಂತಿತು. ಶಶಿಕಾಂತ ಸಂಭಾವಿತನ ಹಾಗೆ ನುಂಗಿಕೊಳ್ಳಲು ನೋಡಿದ. ಆಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

“ಯಾರಂದಾರ್ರಿ ನಿಮಗ?”

“ಕೆಳಗಿನ ಮನೆಯ ಅಮೋಲ್.” ಅಮೋಲ್ ಪಾಪ ಕ್ರಿಕೆಟ್ ಬಿಟ್ಟು ಬೇರೇನೂ ಅರಿಯದವನು.

“ಅವಗೇನ ಗೊತ್ತ್ರಿ! ಶಿಯರರ್ ಪ್ರೀಮಿಯರ್ ಲೀಗ್‌ನ್ಯಾಗ ಇನ್ನೂರ ಅರವತ್ತು ಗೋಲ್ ಹೊಡದಾನ. ಅಷ್ಟು ಹೊಡದವ ಇನ್ನೊಬ್ಬ ಇಲ್ಲ. ಹೊಡದು ಒಂದ ಕೈ ಮ್ಯಾಲೆತ್ತಿದಾ, ಮುಗೀತು. ಕುಣಿಯೂದಿಲ್ಲ, ಹಾರಾಡೂದಿಲ್ಲ. ಆಫೀಸಿನ್ಯಾಗ ಹಾಜರಿ ಹಾಕಿದಂಗ!”

“ಹಾಜರಿ ಹಾಕಿದ್ರೆ ಸಾಕಾ ಮಾರಾಯ?” ರೋಶನ್‌ಗೂ ತಡೆಯಲಾಗಲಿಲ್ಲ. “ರೂನಿ ಗಾಳಿಯಲ್ಲಿ ತಲೆಕೆಳಗಾಗಿ ಒಂದು ಹೊಡೆದದ್ದು ಮರೆತುಹೋಯ್ತಾ ನಿನಗೆ? ಅದೇ ಸಿಟಿಯವರಿಗೆ!”

ಇಬ್ಬರ ಮಾತಾಯಿತು. ಮುಂದಿನದು ಧನರಾಜನ ಸರದಿ. ಅಭ್ಯಾಸಬಲದಿಂದ ಇಬ್ಬರೂ ಅವನು ಕೂರುತ್ತಿದ್ದ ಬೆತ್ತದ ಕುರ್ಚಿಯ ಕಡೆ ತಿರುಗಿದರು. ಅಲ್ಲಿ ಒಗೆದ ಬಟ್ಟೆಯ ರಾಶಿಯಿತ್ತು. ಶಶಿಕಾಂತ ತಲೆ ತಗ್ಗಿಸಿ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

“ನಡಿಯಪಾ ರೋಶನ್, ಹೊತ್ತಾತು.”

ವಿನೋದಿನಿ ಬಟ್ಟೆಯ ರಾಶಿಯನ್ನು ಎತ್ತಿ ನೆಲಕ್ಕೆ ಹಾಕಿ ಆ ಕುರ್ಚಿಯಲ್ಲಿ ಕೂತಳು. ಅವಳು ಒಂದು ಪಂದ್ಯವನ್ನೂ ಪೂರ್ತಿ ನೋಡಿದವಳಲ್ಲ. ಆದರೆ ಇಪ್ಪತ್ತು ವರ್ಷ ಒಂದೇ ಹರಿಕಥೆ ಕೇಳಿದರೆ ಗೋಡೆಗೂ ಬಾಯಿಪಾಠವಾಗುತ್ತದೆ.

“ಇನ್ನೂರ ಅರವತ್ತರಲ್ಲಿ ಐವತ್ತಾರು ಪೆನಾಲ್ಟಿ, ಶಶಿಯಣ್ಣ. ಎದುರು ಇಟ್ಟ ಚೆಂಡನ್ನು ಒದೆಯುವುದು ಎಂತ ದೊಡ್ಡ ಸಂಗತಿ?”

ಅರ್ಧ ಎದ್ದಿದ್ದ ಶಶಿಕಾಂತ ಹಾಗೆಯೇ ಕೂತ.

“ಹೆನ್ರಿಯದ್ದು ನೋಡಿ.” ಅವಳು ಎರಡು ಲೋಟಗಳನ್ನು ಟೀಪಾಯಿಯ ನಡುವಿಗೆ ಎಳೆದಳು. “ಇದು ಮ್ಯಾಂಚೆಸ್ಟರಿನವ. ಇದು ಹೆನ್ರಿ, ಬೆನ್ನು ಗೋಲಿನ ಕಡೆ. ಚೆಂಡು ಬಂತು. ಮೆಲ್ಲ ಕಾಲಲ್ಲಿ ಎಬ್ಬಿಸಿದ, ತಿರುಗಿದ, ನೆಲಕ್ಕೆ ಬೀಳುವ ಮೊದಲೇ ಕೊಟ್ಟ ಒಂದು. ಗೋಲ್‌ಕೀಪರಿಗೆ ಸಿಗಲಿಲ್ಲ. ನಿಮ್ಮವನಿಗೆ ಆಗುತ್ತಿತ್ತಾ ಅದು? ಮರದಿಂದ ಹಲಸಿನಕಾಯಿ ಬಿದ್ದ ಹಾಗೆ ಧೊಪ್ಪ ಅಂತ ಹೊಡೆಯುವುದು ಬಿಟ್ಟು ಅವನಿಗೆ ಎಂತ ಗೊತ್ತು?”

ಹಲಸಿನಕಾಯಿಯ ಮಾತು ಧನರಾಜನದ್ದೇ. ಇಪ್ಪತ್ತು ವರ್ಷ ಆ ಮಾತು ಕೇಳಿ ಕೇಳಿ ಉರಿದವನು ಶಶಿಕಾಂತ. ಟೀಪಾಯಿಯನ್ನು ಗುದ್ದಿದ ರಭಸಕ್ಕೆ ಹೆನ್ರಿಯೂ ಮ್ಯಾಂಚೆಸ್ಟರಿನವನೂ ಉರುಳಿಹೋದರು.

“ಲೇ ಧನ್ಯಾ! ಸುಳ್ಳ ಹೇಳಬ್ಯಾಡ! ಬ್ಲ್ಯಾಕ್‌ಬರ್ನ್‌ನಂಥಾ ಸಣ್ಣ ಟೀಮಿಗೆ ಲೀಗ್ ಗೆಲ್ಲಿಸಿಕೊಟ್ಟವ ಯಾರು? ನಿನ್ನ ಹೆನ್ರಿ ಏನು…”

ಮಾತು ಅಲ್ಲೇ ತುಂಡಾಯಿತು. ರೋಶನ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಗೆಳೆಯನ ಹೆಂಡತಿಗೆ ‘ಲೇ’ ಅಂದದ್ದಾಗಿತ್ತು, ಅದೂ ತೀರಿಹೋದ ಗೆಳೆಯನನ್ನು ಕರೆಯುತ್ತಿದ್ದ ಹೆಸರು ಹಿಡಿದು.

“ತಪ್ಪಾತ್ರಿ ವೈನಿ.” ಶಶಿಕಾಂತ ಎರಡೂ ಕೈ ಜೋಡಿಸಿದ. “ನಾಲಗಿ ಜಾರಿತ್ರಿ. ನನ್ನ ಕಪಾಳಕ್ಕ ಒಂದ ಹೊಡೀರಿ.”

ಐದು ತಿಂಗಳಿಂದ ಈ ಮನೆಯಲ್ಲಿ ಯಾರೂ ಆ ಹೆಸರನ್ನು ಕೂಗಿರಲಿಲ್ಲ. ಬಿಲ್ಡಿಂಗಿನವರು ‘ಅವರು’ ಎನ್ನುತ್ತಿದ್ದರು, ಭಟ್ಟರು ‘ಮೃತರು’ ಎಂದಿದ್ದರು, ಥಾಣೆ ಊರಿನಲ್ಲಿರುವ ಮಗಳು ಶ್ರೇಯಾ ಫೋನಿನಲ್ಲಿ ಅಪ್ಪನ ಸುದ್ದಿ ಬಂದರೆ ಮಾತು ತಿರುಗಿಸುತ್ತಿದ್ದಳು. ಬದುಕಿದ್ದವನನ್ನು ಬೈಯುವ ಹಾಗೆ ಯಾರಾದರೂ ಅವನನ್ನು ಒಮ್ಮೆ ಬೈಯಲಿ ಎಂದು ತಾನು ಇಷ್ಟು ದಿನ ಕಾಯುತ್ತಿದ್ದುದು ವಿನೋದಿನಿಗೆ ಈಗ ಗೊತ್ತಾಯಿತು. ಅಳು ಬಂತು. ಸೆರಗನ್ನು ಮುಖಕ್ಕೆ ಒತ್ತಿಕೊಂಡು, ಇಬ್ಬರ ಎದುರೇ, ಮನಸ್ಸು ಬಿಚ್ಚಿ ಅತ್ತಳು. ಗಂಡಸರಿಬ್ಬರಿಗೂ ಏಳಲೂ ತಿಳಿಯಲಿಲ್ಲ, ಕೂರಲೂ ತಿಳಿಯಲಿಲ್ಲ.

“ಕೈ ಇಳಿಸಿ ಶಶಿಯಣ್ಣ,” ಎಂದಳು ಕೊನೆಗೆ. “ತಪ್ಪು ಮಾಡಿದ್ದೀರಿ, ದಂಡ ಕಟ್ಟಬೇಕು. ಬರುವ ಭಾನುವಾರ ಇಬ್ಬರೂ ಬರಬೇಕು. ಮತ್ತೆ ಆ ಬ್ಲ್ಯಾಕ್‌ಬರ್ನ್ ವಿಷಯ. ನಮ್ಮ ಹೆನ್ರಿ ಒಂದು ಇಡೀ ಲೀಗ್ ಒಂದೂ ಮ್ಯಾಚ್ ಸೋಲದೆ ಮುಗಿಸಿದ್ದಾನೆ, ಗೊತ್ತುಂಟಲ್ಲ? ಅದಕ್ಕೆ ಎಂತ ಹೇಳ್ತೀರಿ?”

ಶಶಿಕಾಂತ ಕರವಸ್ತ್ರದಿಂದ ಮೂಗು ಒರೆಸಿಕೊಂಡ, ರೋಶನ್‌ನ ಮುಖ ನೋಡಿದ. ಆಮೇಲೆ ಅಷ್ಟು ಹೊತ್ತು ತಪ್ಪಿಸಿಕೊಂಡಿದ್ದ ಗೋಡೆಯ ಫೋಟೊವನ್ನು ನೇರವಾಗಿ ನೋಡಿದ.

“ಧನ್ಯಾನೂ ಇದನ್ನ ಹೇಳ್ತಿದ್ದಾ,” ಎಂದ. “ಅವಗೂ ಬುದ್ಧಿ ಇರಲಿಲ್ಲ.”

“ಇರಲಿಲ್ಲ, ನನಗೆ ಗೊತ್ತುಂಟು,” ಎಂದಳು ವಿನೋದಿನಿ. “ಆದರೆ ಹೆನ್ರಿ ವಿಷಯದಲ್ಲಿ ಇತ್ತು.”