ನೋಯದ ಗುಂಡುಸೂಜಿ

ನರ್ಸಮ್ಮನ ಬಿಳಿ ಕೋಟಿನ ಮೇಲೆ ಮೂರು ಕೆಂಪು ಚುಕ್ಕೆ ಬಿದ್ದಿದ್ದವು. ತೋಳಿನ ಹೊಲಿಗೆ ಬಿಚ್ಚಿ, ಗುಂಡಿಯೊಂದು ಕಿತ್ತಿದೆಯೆಂದು ರಿಪೇರಿಗೆ ಕೊಟ್ಟಿದ್ದ ಕೋಟು. ಅದನ್ನು ಒಯ್ಯಲು ಅವರು ಬಂದಾಗ ಟೈಲರ್ ಅಂಗಡಿಯಲ್ಲಿ ಗಂಡ ಹೆಂಡತಿ ಜಗಳ ನಡೆದಿತ್ತು.

"ಗುಂಡಿ ಹಾಕುವಾಗ ಬೆರಳು ಚುಚ್ಕೊಂಡು ಬಟ್ಟೆ ಮುಟ್ಟಿದೀಯ. ಗಮನ ಎಲ್ಲಿರುತ್ತೆ ನಿಂಗೆ?" ಎಂದ ಟೈಲರ್.

ಹೆಂಡತಿ ಹತ್ತೂ ಬೆರಳು ಚಾಚಿದಳು. "ನೋಡ್ಕೊಳ್ಳಿ. ಒಂದರಲ್ಲಾದ್ರೂ ಗಾಯ ಇದ್ಯಾ? ಏನೇ ಆದ್ರೂ ನನ್ನ ತಲೆಗೇ ಕಟ್ಟಿ."

ನರ್ಸಮ್ಮ ಬಗ್ಗಿ ಮೆಷಿನ್ನಿನ ಕೆಳಗೆ ನೋಡಿದರು. ಪೆಡಲ್ ಮೇಲೂ ರಕ್ತದ ಕಲೆ ಇತ್ತು. ಹೊಲಿಯುವಾಗ ಕೋಟಿನ ಅಂಚು ಅಲ್ಲಿಗೆ ಜೋತು ಬಿದ್ದಿರಬೇಕು.

"ಅಣ್ಣ, ಬಲಗಾಲು ಸ್ವಲ್ಪ ಎತ್ತಿ."

ಅಂಗಾಲಿನಲ್ಲಿ, ಹೆಬ್ಬೆರಳ ಬುಡಕ್ಕೆ, ಗುಂಡುಸೂಜಿಯೊಂದು ತಲೆಯವರೆಗೂ ಹೊಕ್ಕಿತ್ತು. ಸುತ್ತಲ ಚರ್ಮ ಊದಿ ಕೆಂಪಾಗಿತ್ತು.

"ಯಾವಾಗ ಚುಚ್ಚಿತು?"

"ಗೊತ್ತಿಲ್ಲಮ್ಮ. ನೋವೇ ಇಲ್ವಲ್ಲ. ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ ಆಯ್ತು, ಇವತ್ತಿಗೂ ಬರಿಗಾಲಲ್ಲೇ ತುಳೀತೀನಿ. ಚಪ್ಪಲಿ ಹಾಕಿದ್ರೆ ಪೆಡಲ್ಲಿನ ಹದ ಕಾಲಿಗೆ ಸಿಗಲ್ಲ. ನಂದು ಗಟ್ಟಿ ಕಾಲು. ಸೂಜಿ ಕಿತ್ತು ಬಿಸಾಕಿದ್ರೆ ಆಯ್ತು."

ನರ್ಸಮ್ಮ ಚೀಲದಿಂದ ಪಾದದ ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆಯೊಂದನ್ನು ತೆಗೆದರು. "ಕಣ್ಣು ಮುಚ್ಚಿ. ಎಡಗಾಲಿಗೆ ಇದು ತಾಗಿದಾಗಲೆಲ್ಲ ಹ್ಞೂಂ ಅನ್ನಿ."

ಟೈಲರ್ ಕಣ್ಣು ಮುಚ್ಚಿ ಕಾದ.

"ಶುರು ಮಾಡಿ ಅಮ್ಮ, ಗಿರಾಕಿ ಬರ್ತಾರೆ," ಎಂದ ಟೈಲರ್.

"ಆರು ಕಡೆ ಮುಟ್ಟಿ ಆಯ್ತಣ್ಣ."

ಅವನು ಕಣ್ಣು ಬಿಟ್ಟ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿಯೇ ನೂಲಿನ ಗುಣ ಹೇಳುವ ಮನುಷ್ಯ. ಅದೇ ಬೆರಳಿಂದ ಈಗ ತನ್ನ ಎಡಗಾಲನ್ನು ಒತ್ತಿ ನೋಡಿಕೊಂಡ.

"ನನ್ನ ಮಾತೂ ಇವರಿಗೆ ಹೀಗೇ, ತಾಗೋದೇ ಇಲ್ಲ," ಎಂದಳು ಹೆಂಡತಿ. ಆಮೇಲೆ ನರ್ಸಮ್ಮನ ಕಡೆ ತಿರುಗಿದಳು. "ಕಾಲಿಗೇನೂ ಆಗಲ್ಲ ತಾನೇ?"

"ಸಕ್ಕರೆ ಹೆಚ್ಚಿದ್ದು ಹೆಚ್ಚಿದ್ದು ನರಗಳು ಮಂಕಾಗ್ತವೆ ಅಕ್ಕ. ನೋವು ಮನೆ ಕಾಯೋ ನಾಯಿ ಇದ್ದ ಹಾಗೆ. ನಾಯಿ ಬೊಗಳಲಿಲ್ಲ ಅಂದ್ರೆ ಕಳ್ಳ ಬಂದಿಲ್ಲ ಅಂತಲ್ಲ. ಕಾಲಿಗೆ ರಕ್ತ ಓಡಾಡೋದೂ ಕಮ್ಮಿಯಾಗಬಹುದು, ಆಗ ಗಾಯ ಬೇಗ ಮಾಯಲ್ಲ. ಕೀವು ಒಳಗೆ ಇಳಿದ್ರೆ ಬೆರಳು ಹೋಗಬಹುದು, ಕಾಲೂ ಹೋಗಬಹುದು. ಈಗಲೇ ಆಸ್ಪತ್ರೆಗೆ ನಡೀರಿ."

"ಈ ಪ್ಯಾಂಟ್ ಒಂದು ಮುಗಿಸಿ..."

ಹೆಂಡತಿ ಆಗಲೇ ಅಂಗಡಿಯ ಷಟರ್ ಅರ್ಧ ಎಳೆದಿದ್ದಳು.

ಡಾಕ್ಟರು ಸೂಜಿ ತೆಗೆದು, ಕೀವು ಸ್ವಚ್ಛ ಮಾಡಿ ಹೇಳಿದರು: "ಸರಿಯಾದ ಸಮಯಕ್ಕೆ ಬಂದಿದ್ದೀರಿ. ಗಾಯ ಮಾಯುವ ತನಕ ಈ ಕಾಲಿಗೆ ಭಾರ ಬೀಳಬಾರದು."

ಪೆಡಲ್ ಹೆಂಡತಿಯ ಪಾಲಿಗೆ ಬಂತು, ಗುಂಡಿಯ ತೂತಿಗೆ ಕಾಜಾ ಹಾಕುವುದು ಗಂಡನ ಪಾಲಿಗೆ. "ಇದು ಕಾಜಾನೋ, ಇಲಿ ಕಡಿದಿದ್ದೋ?" ಎಂದು ಅವಳು ದಿನವೂ ರೇಗಿಸುತ್ತಿದ್ದಳು. ಸಂಜೆ ಅವನು ಅವಳಿಗೆ ಪಾದ ತೋರಿಸಬೇಕು. ಎಡಗಾಲು ತೊಳೆದು, ಬೆರಳ ಸಂದು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಬೇಕು. ಬಲಗಾಲಿನ ಪಟ್ಟಿ ಒದ್ದೆಯಾಗದಂತೆ ಕಾಯಬೇಕು. ಮಾತ್ರೆ ತಪ್ಪುವಂತಿಲ್ಲ.

ಏಳನೆಯ ವಾರ ಡಾಕ್ಟರು ಪಟ್ಟಿ ಬಿಚ್ಚಿದರು. ಗಾಯವಿದ್ದ ಕಡೆ ಹೊಸ ಚರ್ಮ ಕೂಡಿಕೊಂಡಿತ್ತು. "ಗೆದ್ದಿರಿ," ಎಂದರು. ಟೈಲರ್ ತನ್ನ ಕಾಲಿನ ಹತ್ತು ಬೆರಳನ್ನೂ ಎಣಿಸಿ ನೋಡಿಕೊಂಡ. ಹೆಂಡತಿ ನಕ್ಕುಬಿಟ್ಟಳು, ಕಣ್ಣು ಒರೆಸಿಕೊಂಡಳು.

ಮೆತ್ತನೆಯ, ಮುಂದೆ ಅಗಲವಾದ ಬೂಟು ಹಾಕಿಕೊಂಡು ಅವನು ಮತ್ತೆ ಮೆಷಿನ್ನಿಗೆ ಕುಳಿತ. ಮೊದಲ ಹೊಲಿಗೆ ಸೊಟ್ಟಗೆ ಹೋಯಿತು. ಐದನೆಯದು ಗೆರೆ ಎಳೆದ ಹಾಗೆ ಬಂತು. ಈಗ ಅಳತೆ ಕೊಡಲು ಬಂದವರನ್ನೂ ಅವನು ಬಿಡುವುದಿಲ್ಲ. "ಸಕ್ಕರೆ ಇದೆಯಾ ಸ್ವಾಮಿ? ಹಾಗಾದ್ರೆ ಕೂತ್ಕೊಳ್ಳಿ. ಅಳತೆ ಆಮೇಲೆ, ಮೊದಲು ಪಾದ."

ಇದನ್ನು ಓದುತ್ತಿರುವ ನಿಮಗೂ ಸಕ್ಕರೆ ಕಾಯಿಲೆ ಇದೆಯೇ? ಬರಿಗಾಲಲ್ಲಿ ನಡೆಯಬೇಡಿ, ಮನೆಯೊಳಗೂ ಬೇಡ. ಮೆಟ್ಟುವ ಮುಂಚೆ ಚಪ್ಪಲಿ, ಬೂಟು ಕೊಡವಿ. ಅಂಗಾಲಿನ ಆಣಿಗೆ ಬ್ಲೇಡು ಹಾಕಬೇಡಿ, ಕಾಲಿಗೆ ಬಿಸಿ ಶಾಖ ಕೊಡಬೇಡಿ. ವರ್ಷಕ್ಕೊಮ್ಮೆಯಾದರೂ ಆಸ್ಪತ್ರೆಯಲ್ಲಿ ಪಾದ ತೋರಿಸಿ. ಗಾಯ, ಬಾವು, ಬಣ್ಣಗೆಟ್ಟ ಚರ್ಮ ಕಂಡರೆ, ನೋವಿಲ್ಲದಿದ್ದರೂ, ಅಂದೇ ಹೋಗಿ. ಈಗ ಈ ಹಾಳೆ ಕೆಳಗಿಟ್ಟು ನಿಮ್ಮ ಎರಡೂ ಅಂಗಾಲು ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ಪಕ್ಕದಲ್ಲಿರುವವರನ್ನು ಕರೆಯಿರಿ. ಇದರಲ್ಲಿ ಸಂಕೋಚವೇನೂ ಬೇಡ.