ಹಳ್ಳದ ಆಚೆಯ ಹೆಂಟೆ

“ಅರಸ ಅಂದ್ರೆ ಹೀಗಿರ್ಬೇಕು ಕಣೆ ವಿನ್ನಾ. ತನ್ನ ಹೆಂಡ್ತೀನ ಪಕ್ಕದಲ್ಲೇ ಕೂರಿಸ್ಕೊಂಡು, ಊರೋರ ಹೆಂಡ್ತೀರೆಲ್ಲ ಮನೆ ಖಾಲಿ ಮಾಡಿ ಅನ್ನೋಕೆ ಎಂಥಾ ಗುಂಡಿಗೆ ಬೇಕು,” ಎಂದಳು ಗೋಲ್ಡೆ, ಚರ್ಚಿನ ನೆಲಕ್ಕೆ ಜೊಂಡು ಹಾಸುತ್ತ.

ನಾನು ನಗಲಿಲ್ಲ. ನಗುವ ದಿನವಾಗಿರಲಿಲ್ಲ ಅದು. ನಾವಿಬ್ಬರೂ ಪಾದ್ರಿಗಳ ಹೆಂಡತಿಯರು. ನಮ್ಮೂರಿನ ದೊಡ್ಡ ಚರ್ಚಿನಲ್ಲಿ ಏಳು ಜನ ಪಾದ್ರಿಗಳಿದ್ದರು, ಐವರಿಗೆ ಸಂಸಾರವಿತ್ತು. ಅದು ತಪ್ಪೆಂದು ನಮ್ಮಜ್ಜನ ಕಾಲದಿಂದ ಯಾರೂ ಹೇಳಿರಲಿಲ್ಲ. ಅರಸ ಹುನ್‌ಬರ್ಟ್ ಹೇಳಿದ. ಇನ್ನು ಮುಂದೆ ಚರ್ಚಿನಲ್ಲಿ ಸನ್ಯಾಸಿಗಳೇ ಇರಬೇಕು. ಈಗಿರುವ ಪಾದ್ರಿಗಳು ಹೆಂಡತಿಯನ್ನು ಬಿಟ್ಟು ಸನ್ಯಾಸಿಯ ಕಪ್ಪಂಗಿ ತೊಡಲಿ, ಇಲ್ಲವೇ ಹೊರಡಲಿ. ಅವನು ಕೊಟ್ಟ ಗಡುವು ಅವತ್ತಿಗೆ ಮುಗಿಯುತ್ತಿತ್ತು.

ಗೋಲ್ಡೆಯ ಗಂಡ ಹಿಂದಿನ ವಾರವೇ ಒಪ್ಪಿಬಿಟ್ಟಿದ್ದ. “ನನ್ನಿಂದ ತಪ್ಪಿಸ್ಕೊಳ್ಳೋಕೆ ಮೂವತ್ತು ವರ್ಷದಿಂದ ದಾರಿ ಹುಡುಕ್ತಿದ್ದ ಅಂತ ಕಾಣತ್ತೆ. ಅಂಗಿ ತಂದೋರು ಅದನ್ನ ಬಿಡಿಸೋಕ್ ಮುಂಚೆ ತೋಳು ತೂರಿಸಿದ,” ಎಂದು ಅವಳೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಅವಳಿಗೆ ಮಗಳ ಮನೆಯಿತ್ತು. ನನಗೆ ಮಕ್ಕಳಿಲ್ಲ. ನನ್ನ ಗಂಡ ಹೆರೆಮನ್‌ಗಂತೂ ನನ್ನನ್ನು ಬಿಟ್ಟರೆ ಈ ಚರ್ಚಿನ ಹಾಡೊಂದೇ. ಅವನ ಎದೆಯಲ್ಲಿ ಕೆಮ್ಮು ಬೇರೆ. ಚಳಿಗಾಲದಲ್ಲಿ ಸೂರಿಲ್ಲದೆ ಅವನು ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಅಂಗಿ ತೊಡು, ನಾನು ತಂಗಿಯ ಊರಿಗೆ ಹೋಗುತ್ತೇನೆ ಎಂದು ಹತ್ತು ಸಲ ಹೇಳಿದ್ದೆ. ಅವನು ಹತ್ತು ಸಲವೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಗಂಜಿಗೆ ಉಪ್ಪು ಕಮ್ಮಿಯಾಯಿತು ಎಂದ.

ಅರಸನ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಬಹಳ ಪ್ರಯತ್ನಪಟ್ಟೆ. ಬರಲಿಲ್ಲ. ಅವನು ಪಟ್ಟಕ್ಕೆ ಬರುವ ಮುಂಚೆ ನಾವು ಹೊಳೆಯ ಕಡವಿನವರೆಗೂ ಗಂಡಸರಿಲ್ಲದೆ ಹೋಗುತ್ತಿರಲಿಲ್ಲ. ಈಗ ನಾನೊಬ್ಬಳೇ ಬುಟ್ಟಿ ತುಂಬ ಹಾವುಮೀನು ಹೊತ್ತು ಎರಡು ದಿನದ ದಾರಿ ನಡೆದು ತಂಗಿಯ ಮನೆಗೆ ಹೋಗಿ ಬಂದಿದ್ದೇನೆ, ಒಬ್ಬನೂ ಬುಟ್ಟಿ ಇಳಿಸು ಎನ್ನಲಿಲ್ಲ. ನಮ್ಮ ಪಾದ್ರಿಗಳ ವಿಷಯವೂ ಅಷ್ಟೆ, ನಿಜ ಹೇಳಬೇಕಲ್ಲ. ಒಬ್ಬ ಬಿಯರ್ ಕುಡಿದು ಬಂದು ಪ್ರಾರ್ಥನೆಯ ನಡುವೆಯೇ ಗೊರಕೆ ಹೊಡೆಯುತ್ತಿದ್ದ. ಇನ್ನೊಬ್ಬ ಬೇಟೆನಾಯಿಗಳನ್ನು ಚರ್ಚಿನೊಳಗೇ ಕಟ್ಟುತ್ತಿದ್ದ. ಅರಸ ಗುಡಿಸಲು ಹೊರಟಿದ್ದು ಸರಿಯಾಗಿಯೇ ಇತ್ತು. ಕಸದ ಜೊತೆಗೆ ನಾನೂ ಪೊರಕೆಗೆ ಸಿಕ್ಕಿದೆ, ಅಷ್ಟೆ.

ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಅವರು ಬಂದರು. ಅರಸನದು ಕುಳ್ಳ ಮೈ, ಅಗಲ ಭುಜ, ಕುದುರೆಯಿಂದ ತಾನೇ ಇಳಿದ. ರಾಣಿ ಮಿಲ್ಡ್‌ರುನ್ ಅವನಿಗಿಂತ ಒಂದು ಗೇಣು ಎತ್ತರ. ಅವರ ಹಿಂದೆ ಹೊಸ ಮಠಾಧಿಪತಿ, ಅವನ ಹಿಂದೆ ಸನ್ಯಾಸಿಗಳು, ತೋಳಮೇಲೆ ಮಡಿಸಿದ ಕಪ್ಪಂಗಿಗಳು. ನಾವು ಹೆಂಗಸರು ಬಾಗಿಲ ಪಕ್ಕ ಗೋಡೆಗೊರಗಿ ನಿಂತೆವು.

ಅವತ್ತು ಚರ್ಚಿನ ಸುತ್ತಲಿನ ಹೊಲಗಳನ್ನೆಲ್ಲ ಅರಸ ಸನ್ಯಾಸಿಗಳಿಗೆ ಬಿಟ್ಟುಕೊಡಬೇಕಿತ್ತು. ನಮ್ಮಲ್ಲಿ ನೆಲ ಕೊಡುವುದು ಬರೀ ಬಾಯಿಮಾತಿನಲ್ಲಲ್ಲ. ಆ ನೆಲದ್ದೇ ಒಂದು ಹುಲ್ಲಿನ ಹೆಂಟೆ ಕಡಿದು ತಂದು ಬಲಿಪೀಠದ ಮೇಲಿಡಬೇಕು. ಹೆಂಟೆ ಪೀಠ ಮುಟ್ಟಿದರೆ ನೆಲ ದೇವರದಾಯಿತು. ಮತ್ತೆ ಯಾರೂ ಅದನ್ನು ಹಿಂದಕ್ಕೆ ಕೇಳುವಂತಿಲ್ಲ. ಹೆಂಟೆ ತರುವ ಕೆಲಸ ಪಾರುಪತ್ತೆಗಾರ ಟಿಲ್‌ಬರ್ಟ್‌ನದು. ಅವನು ಎರಡೂ ಕೈಯಲ್ಲಿ ಅದನ್ನು ಹಿಡಿದು, ಹಬ್ಬದ ಹಂದಿಯ ತಲೆ ತರುವವನ ಹಾಗೆ ಬಂದ. ನೋಡಲು ಹೆಂಟೆ ಎಷ್ಟು ಚೆನ್ನಾಗಿತ್ತೆಂದರೆ, ಹಸಿರು ಕಂಬಳಿಯ ತುಂಡಿನ ಹಾಗೆ. ಅರಸ ಅದನ್ನು ತೆಗೆದುಕೊಂಡು ಪೀಠದ ಬಿಳಿ ಬಟ್ಟೆಯ ಮೇಲಿಟ್ಟ.

ಆಗ ಅದರ ಅಡಿಯಿಂದ ಕಪ್ಪು ನೀರು ಇಳಿದು ಬಟ್ಟೆಯ ಮೇಲೆ ಹರಡಿತು.

ನಾನು ಕುತ್ತಿಗೆ ಚಾಚಿ ನೋಡಿದೆ. ಚರ್ಚಿನ ಹೊಲ ಪೂರ್ತಿ ಸುಣ್ಣಕಲ್ಲಿನ ಬಿಳಿ ಮಣ್ಣು. ಆ ವರ್ಷ ಮಳೆಯಿಲ್ಲದೆ ಅದು ಹಿಟ್ಟಿನಂತೆ ಉದುರುತ್ತಿತ್ತು. ಕಪ್ಪು ಜೌಗು ಇದ್ದದ್ದು ಹಳ್ಳದ ಆಚೆ ಮಾತ್ರ. ಅಲ್ಲಿಂದಲೇ ನಾನು ಇಪ್ಪತ್ತು ವರ್ಷದಿಂದ ಜೊಂಡು ಕೊಯ್ದು ತರುತ್ತಿದ್ದೆ. ಹೆಂಟೆಯ ಮೂಲೆಯಲ್ಲಿ ಜೊಂಡಿನ ಮೊಳಕೆಯೂ ಇಣುಕುತ್ತಿತ್ತು. ಈ ಕಡೆಯ ಹೆಂಟೆ ಕೈಯಲ್ಲಿ ಪುಡಿಯಾದದ್ದಕ್ಕೆ ಟಿಲ್‌ಬರ್ಟ್, ಅರಸನ ಮುಂದೆ ಚೆಂದ ಕಾಣಲಿ ಎಂದು ಹಳ್ಳ ದಾಟಿ ಆ ಕಡೆಯದನ್ನು ಕಡಿದಿದ್ದ. ಹಳ್ಳದ ಆಚೆಯ ನೆಲವೋ ರಾಣಿಯ ಬೆಳಗಿನ ಉಡುಗೊರೆ. ಮದುವೆಯ ಮಾರನೇ ಬೆಳಿಗ್ಗೆ ಗಂಡ ಹೆಂಡತಿಗೆ ಕೊಡುವ ಆ ನೆಲ ಅವಳೊಬ್ಬಳದ್ದೇ. ಗಂಡ ಅರಸನಾದರೂ ಅದನ್ನು ಮುಟ್ಟುವಂತಿಲ್ಲ. ನಾವೆಲ್ಲ ಅಲ್ಲಿ ಕೊಯ್ಯುವುದಕ್ಕೂ ಅವಳೇ ಅಪ್ಪಣೆ ಕೊಟ್ಟಿದ್ದಳು.

ಬಾಯಿ ಮುಚ್ಚಿಕೊಂಡಿರೋಣ ಎಂದುಕೊಂಡೆ. ಹೊರದಬ್ಬಿಸಿಕೊಳ್ಳಲು ನಿಂತವಳು ಅರಸನ ತಪ್ಪು ಎತ್ತಿ ಆಡಿದರೆ ಹೆರೆಮನ್‌ಗೆ ಆ ಅಂಗಿಯೂ ಸಿಗದೆ ಹೋದೀತು. ಆದರೆ ಒಬ್ಬ ಹೆಣ್ಣಿನ ನೆಲ ಅವಳ ಕಣ್ಣೆದುರೇ, ಅವಳಿಗೇ ಗೊತ್ತಿಲ್ಲದೆ ಹೋಗುತ್ತಿತ್ತು.

“ಒಡೆಯಾ,” ಎಂದೆ. ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೆ. “ಅದು ಚರ್ಚಿನ ಹೊಲದ್ದಲ್ಲ. ಹಳ್ಳದ ಆಚೇದು. ರಾಣಿಯಮ್ಮನದು.”

ಗೋಲ್ಡೆ ನನ್ನ ತೋಳು ಹಿಡಿದು ಎಳೆದಳು. ಟಿಲ್‌ಬರ್ಟ್ ಈ ಮುದುಕಿಗೆ ಮಣ್ಣಿನ ವಿಷಯ ಏನು ಗೊತ್ತು ಎಂದು ಶುರುಮಾಡಿದ. ಅರಸ ಹೆಂಟೆಯೊಳಗೆ ಬೆರಳಿಟ್ಟು, ಕಪ್ಪಾದ ಬೆರಳನ್ನು ಅವನಿಗೆ ತೋರಿಸಿದ. ಮಠಾಧಿಪತಿ ಮೆಲ್ಲಗೆ, ಪೀಠ ಮುಟ್ಟಿದ್ದು ದೇವರದಾಯಿತು, ಹಿಂದಕ್ಕೆ ತೆಗೆಯಲಾಗದು ಎಂದ. ಅವನು ಹೇಳಿದ್ದೂ ಸುಳ್ಳಲ್ಲ.

ಬೇರೆ ಅರಸನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹುನ್‌ಬರ್ಟ್ ಮೂರು ನಾಡುಗಳನ್ನು ಒಂದು ಮಾಡಿದವನು. ಅವನು ಹೂಂ ಎಂದರೆ ಬಿಷಪ್ಪರೇ ಎದ್ದು ನಿಲ್ಲುತ್ತಿದ್ದರು. ಅವನು ಹೆಂಡತಿಯ ಮುಂದೆ ಹೋಗಿ ನಿಂತು, ಕೆಸರಾದ ಕೈಯನ್ನು ತನ್ನ ಅಂಗಿಗೇ ಒರೆಸಿಕೊಂಡ.

“ನಂದಲ್ಲದ್ದನ್ನ ಕೊಟ್ಬಿಟ್ಟೆ ಮಿಲ್ಡ್‌ರುನ್. ನೋಡದೇ ಇಟ್ಟೋನು ನಾನು, ತಪ್ಪೂ ನಂದೇ. ಏನ್ ಮಾಡ್ಲಿ, ನೀನೇ ಹೇಳು.”

ರಾಣಿ ಹೆಂಟೆ ನೋಡಿದಳು, ಆಮೇಲೆ ಗೋಡೆಯ ಹತ್ತಿರ ನಿಂತಿದ್ದ ನಮ್ಮನ್ನು ನೋಡಿದಳು.

“ಅದು ಅಲ್ಲೇ ಇರ್ಲಿ,” ಎಂದಳು. “ಆದ್ರೆ ಕೊಡೋಳು ನಾನು. ಯಾತಕ್ಕೆ ಅಂತ ಹೇಳೋಳೂ ನಾನು. ಈ ಮನೆಗಳಿಂದ ಹೆಂಡ್ತೀನ ಕರ್ಕೊಂಡು ಹೊರಡೋ ಪಾದ್ರಿಗಳು ಅಲ್ಲಿ ಗುಡಿಸಲು ಹಾಕ್ಕೊಳ್ಳಲಿ. ಇಲ್ಲಿ ಸನ್ಯಾಸಿಗಳು ಹಾಡ್ಲಿ. ಅಲ್ಲಿ ಅವ್ರು ಊರಿನ ಕೂಸುಗಳಿಗೆ ದೀಕ್ಷಾಸ್ನಾನ ಕೊಟ್ಟು, ಸತ್ತೋರ್ನ ಮಣ್ಣು ಮಾಡ್ಲಿ.”

ಮಠಾಧಿಪತಿಯ ಮುಖ ಸಪ್ಪಗಾಯಿತು. ಅರಸನ ಆಜ್ಞೆಯ ಗತಿ ಏನು ಎಂದು ಅವನು ಕೇಳಿದ.

“ಸಂಸಾರ ಮಠದೊಳಗೆ ಬೇಡ ಅಂದೆ,” ಎಂದ ಹುನ್‌ಬರ್ಟ್. “ಹಳ್ಳದ ಆಚೆ ಬೇಡ ಅಂತ ನಾನ್ಯಾವಾಗ ಹೇಳ್ದೆ?”

ಟಿಲ್‌ಬರ್ಟ್ ಓಡಿಹೋಗಿ ಚರ್ಚಿನ ಹೊಲದ ಬಿಳಿ ಹೆಂಟೆಯನ್ನು, ಪುಡಿಯಾದದ್ದಾದರೂ ಸರಿ, ತಂದು ಪೀಠದ ಮೇಲಿಟ್ಟ. ಬಳಿಕ ಪಾದ್ರಿಗಳ ಹೆಸರು ಕೂಗಿದರು. ಹೆರೆಮನ್‌ನ ಸರದಿ ಬಂದಾಗ ಎಳೆಯ ಸನ್ಯಾಸಿಯೊಬ್ಬ ಅಂಗಿ ಬಿಡಿಸಿ ಹಿಡಿದ. ನಾನು ನೆಲ ನೋಡುತ್ತ ನಿಂತೆ. ಜೌಗಿನಲ್ಲಿ ಕೆಮ್ಮು ಹೆಚ್ಚುತ್ತದೆ ಎಂದು ಆಗಲೂ ನನ್ನ ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು. ಹೆರೆಮನ್ ಅಂಗಿಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದ.

“ಒಳ್ಳೇ ಉಣ್ಣೆ,” ಎಂದ. “ಆದ್ರೆ ಇದರೊಳಗೆ ಇಬ್ರು ಹಿಡಿಸಲ್ಲಪ್ಪ.”

ಮೊದಲು ನಕ್ಕವನು ಅರಸ. ಹೆಂಟೆಯನ್ನು ಎತ್ತಿ ತಾನೇ ಹೆರೆಮನ್‌ನ ಕೈಗೆ ಕೊಟ್ಟು, ನೆಲ ಕೊಟ್ಟದ್ದಾಯಿತು, ಇನ್ನು ಇದನ್ನು ಅದು ಬಂದ ಜಾಗಕ್ಕೇ ಹಾಕಿಬಾ ಎಂದ. ನನ್ನನ್ನು ದಾಟಿ ಹೋಗುವಾಗ ಒಂದು ಗಳಿಗೆ ನಿಂತು, “ಕಣ್ಣು ಚೆನ್ನಾಗಿದೆ ತಾಯಿ ನಿಂದು,” ಎಂದ. ಅಂಥವನ ಮೇಲೆ ಯಾರಾದರೂ ಹೇಗೆ ಸಿಟ್ಟಾಗುವುದು.

ನಾವಿಬ್ಬರೂ ಹಳ್ಳ ದಾಟಿದೆವು. ದಾರಿಯುದ್ದಕ್ಕೂ ಅವನು ಕೆಮ್ಮಿದ, ನಾನು ಬೈದೆ. ಗುಡಿಸಲನ್ನು ದಿಬ್ಬದ ಮೇಲೇ ಹಾಕಬೇಕು, ಒಲೆ ಬಾಗಿಲ ಕಡೆ ಬೇಡ ಎಂದೆ.

“ಉಪ್ಪು ಮರೀಬೇಡ, ಅಷ್ಟು ಸಾಕು,” ಎಂದ ಹೆರೆಮನ್.

ಟಿಲ್‌ಬರ್ಟ್ ಕಡಿದ ಗುಣಿ ಜೊಂಡಿನ ಪಕ್ಕದಲ್ಲೇ ಇತ್ತು. ಅಷ್ಟರಲ್ಲೇ ಅದರಲ್ಲಿ ಅರ್ಧ ನೀರು ತುಂಬಿ, ಒಂದು ಕಪ್ಪೆ ಬಂದು ಕೂತಿತ್ತು. ಹೆರೆಮನ್ ಹೆಂಟೆ ಹಿಡಿದು ಕಾದ. ಕಪ್ಪೆ ತನಗೆ ತೋಚಿದಾಗ ಎದ್ದು ಹಾರಿತು. ಆಮೇಲೆ ಅವನು ಹೆಂಟೆಯನ್ನು ಗುಣಿಯೊಳಗಿಟ್ಟು, ಅದರ ಮೇಲೆ ಹತ್ತಿ ನಿಂತು, ಎರಡೂ ಕಾಲಲ್ಲಿ ಮೆಲ್ಲಗೆ ತುಳಿದ.